ಮನೆಯ ದುರ್ಗಂಧ: ಅದರ ಮೂಲವನ್ನು ಶೋಧಿಸುವ ಬಗೆ

ಮನೆಯೊಳಗೆ ದುರ್ಗಂಧವು ಹಬ್ಬಿದಾಗ ಊದುಬತ್ತಿಯನ್ನು ಹಚ್ಚುವುದು, ಫಿನಾಯಿಲನ್ನು ಸುರಿಯುವುದು ಸಾಮಾನ್ಯವಾದ ರೂಢಿ. ಪರಿಮಳವು ದುರ್ಗಂಧವನ್ನು ಕೆಲಹೊತ್ತು ಮರೆಮಾಡಬಲ್ಲುದೇ ಹೊರತು ಅದರ ಮೂಲವನ್ನು ಅಳಿಸಲಾರದು. ಜ್ವರವು ಹೇಗೆ ರೋಗವಲ್ಲದೆ ರೋಗದ ಸೂಚನೆಯೋ, ಹಾಗೆಯೇ ಚರಂಡಿಯ ವಾಸನೆಯು ಮನೆಯ ಯಾವುದೋ ಒಂದು ಅಂಗ ಕೆಟ್ಟಿದೆಯೆಂಬುದರ ಸೂಚನೆ. ಅದನ್ನು ಅಡಗಿಸದೆ ಅದರ ಜಾಡನ್ನು ಹಿಡಿದು ಹೋಗುವುದೇ ವಿವೇಕ. ಈ ಶೋಧನೆಗೆ ಬೇಕಾದುವು ಬಹುಮಟ್ಟಿಗೆ ಒಂದು ಬಕೆಟ್ ನೀರು, ಸ್ವಲ್ಪ ತಾಳ್ಮೆ ಮತ್ತು ಕ್ರಮಬದ್ಧವಾದ ಯೋಚನೆ.

ಒಳಚರಂಡಿಯಲ್ಲಿ ಆಮ್ಲಜನಕವು ದೊರೆಯದ ಕಡೆ ಬದುಕುವ ಸೂಕ್ಷ್ಮಾಣುಜೀವಿಗಳು ಕಲ್ಮಶವನ್ನು ವಿಘಟಿಸುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮೊದಲಾದ ಅನಿಲಗಳು ಉತ್ಪನ್ನವಾಗುತ್ತವೆ. ಕೊಳೆತ ಮೊಟ್ಟೆಯ ನಾತವು ಇವುಗಳಲ್ಲಿ ಮೊದಲನೆಯದರ ಗುಣ. ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣವನ್ನು ಬಳಸಿದ ಹಳೆಯ ವಿದ್ಯಾರ್ಥಿಗಳಿಗೆ ಅದರ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಈ ಅನಿಲವು ವಾಯುವಿಗಿಂತ ಭಾರವಾದುದು. ಆದುದರಿಂದ ತಗ್ಗಿನಲ್ಲಿ ನಿಲ್ಲುವ ಸ್ವಭಾವವುಳ್ಳದ್ದು. ಮೀಥೇನಿಗೆ ವಾಸನೆಯಿಲ್ಲ, ಆದರೆ ಅದು ಹೊತ್ತಿ ಉರಿಯಬಲ್ಲುದು.

ಪ್ರತಿಯೊಂದು ಬಚ್ಚಲೂ ಚರಂಡಿಗೆ ಕೂಡಿಕೊಂಡಿದ್ದರೂ ಈ ಅನಿಲಗಳು ಮನೆಯೊಳಗೆ ನುಗ್ಗದಿರುವುದಕ್ಕೆ ಕಾರಣ, ಕೊಳವೆಯ ಬಾಗಿನಲ್ಲಿ ನಿಂತಿರುವ ಒಂದಿಷ್ಟು ನೀರು. ಲಂಡನ್ನಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಶೌಚಾಲಯದ ಕೆಳಗೆ ಇಂತಹ ಬಾಗಿದ ಕೊಳವೆಯನ್ನು ಅಳವಡಿಸುವುದಕ್ಕೆ ಪೇಟೆಂಟ್ ಪಡೆದನು. ಇಂದು ಇದಕ್ಕೆ ಟ್ರ್ಯಾಪ್ ಎಂದು ಹೆಸರು. ಕರ್ನಾಟಕದ ಬಚ್ಚಲುಮನೆಗಳಲ್ಲಿ ಗಾರೆಯವರು ಕೂರಿಸುವ ನಹನಿ ಟ್ರ್ಯಾಪ್ ಇದೇ ತತ್ತ್ವದ್ದು. ಸಾಮಾನ್ಯವಾಗಿ 50 ಮಿಲಿಮೀಟರ್‌ನಷ್ಟು ಆಳದ ನೀರಿನ ತಡೆಯೇ ಮನೆಗೂ ಚರಂಡಿಗೂ ನಡುವಣ ಬಾಗಿಲು. ಆ ನೀರು ಆರಿತೆಂದರೆ ಬಾಗಿಲು ತೆರೆದಂತೆಯೇ ಸರಿ.

ಅಮೆರಿಕ ಮತ್ತು ಕೆನಡಾಗಳ ಶೀತಪ್ರದೇಶಗಳಲ್ಲಿ ಈ ಸಮಸ್ಯೆಯು ನೆಲಮಾಳಿಗೆಯಲ್ಲಿ ಮೇಲಿಂದ ಮೇಲೆ ತಲೆದೋರುತ್ತದೆ. ಅಲ್ಲಿ ನೆಲವು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ತಳಪಾಯವನ್ನು ಹಾಕಬೇಕಾದುದರಿಂದ ಅನೇಕ ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಅದರ ನೆಲದಲ್ಲಿ ಜಾಲರಿಯುಳ್ಳ ಬಚ್ಚಲುಕಂಡಿಯೊಂದುಂಟು. ವರ್ಷದಲ್ಲಿ ಒಮ್ಮೆಯೂ ಅದರೊಳಗೆ ನೀರು ಹರಿಯದಿರಬಹುದು. ಚಳಿಗಾಲದಲ್ಲಿ ಕಾಯಿಸಿದ ಒಣಗಾಳಿಯು ಟ್ರ್ಯಾಪಿನ ನೀರನ್ನು ಹೀರಿಕೊಳ್ಳುತ್ತದೆ. ಬಿಸಿಗಾಳಿಯು ಮೇಲೇರಿ ಹೊರಹೋದಂತೆ ನೆಲಮಾಳಿಗೆಯಲ್ಲಿ ಒತ್ತಡವು ತಗ್ಗಿ, ಚರಂಡಿಯ ಅನಿಲವು ಆ ಕಂಡಿಯಿಂದ ಒಳಕ್ಕೆ ಸೆಳೆಯಲ್ಪಡುತ್ತದೆ.

ಶೋಧನೆಯ ಕ್ರಮದಲ್ಲಿ ಮೊದಲು ಅಡುಗೆ ಅನಿಲದ ಸೋರಿಕೆಯಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಆ ಅನಿಲಕ್ಕೂ ಎಚ್ಚರಿಕೆಗಾಗಿ ಗಂಧಕಯುಕ್ತವಾದ ದುರ್ವಾಸನೆಯನ್ನು ಬೆರೆಸಿರುತ್ತಾರೆ. ಸಂದೇಹವಿದ್ದರೆ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ, ಬೆಂಕಿಯನ್ನು ಹೊತ್ತಿಸದೆ ಹೊರಗೆ ಬರುವುದು ಲೇಸು. ಆ ಸಂದೇಹವು ನಿವಾರಣೆಯಾದ ಮೇಲೆ ನೆಲದ ಕಂಡಿ, ಉಪಯೋಗಿಸದ ತೊಟ್ಟಿ, ಬಟ್ಟೆ ಒಗೆಯುವ ಯಂತ್ರದ ಕೊಳವೆ, ಇವುಗಳಲ್ಲಿ ಒಂದಕ್ಕೆ ನೀರನ್ನು ಸುರಿದು ಒಂದು ದಿನ ಕಾಯಬೇಕು, ಅನಂತರ ಮತ್ತೊಂದಕ್ಕೆ. ಎಲ್ಲವನ್ನೂ ಒಮ್ಮೆಗೇ ಮಾಡಿದರೆ ವಾಸನೆಯು ಹೋದರೂ ಕಾರಣವು ತಿಳಿಯದು. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂಬ ನಿಯಮವು ಮನೆಗೂ ಅನ್ವಯಿಸುತ್ತದೆ.

ನೀರು ತುಂಬಿದ್ದರೂ ವಾಸನೆಯು ನಿಲ್ಲದಿದ್ದಲ್ಲಿ ಜಾಲರಿಯನ್ನು ಎತ್ತಿ ನೋಡಬೇಕು. ಶುದ್ಧೀಕರಣಕ್ಕಾಗಿ ಇಟ್ಟಿರುವ ಪಕ್ಕದ ರಂಧ್ರದ ಬಿರಡೆ ಕಳಚಿಹೋಗಿದ್ದರೆ ಅನಿಲವು ಟ್ರ್ಯಾಪನ್ನು ಬಳಸಿಕೊಂಡು ಬರುತ್ತದೆ. ಶೌಚಪೀಠವು ಅಲುಗಾಡುತ್ತಿದ್ದರೆ ಅದರ ಬುಡದ ಬೆಸುಗೆ ಸಡಿಲಗೊಂಡಿರಬಹುದು. ನೀರು ಹರಿಯುವಾಗ ಕೊಳವೆಯು ಗೊಳಗೊಳ ಸದ್ದು ಮಾಡಿದರೆ, ಛಾವಣಿಯ ಮೇಲಿನ ಗಾಳಿಕೊಳವೆಯು ಎಲೆ, ಹಕ್ಕಿಗೂಡು ಅಥವಾ ಹಿಮದಿಂದ ಮುಚ್ಚಿಹೋಗಿರುವ ಸಂಭವವುಂಟು. ಆಗ ಹರಿಯುವ ನೀರು ಟ್ರ್ಯಾಪಿನ ನೀರನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಗೋಡೆಯೊಳಗಿನ ಬಿರುಕನ್ನು ಕಂಡುಹಿಡಿಯಲು ಕೊಳಾಯಿಯ ಕುಶಲಕರ್ಮಿಗಳು ಕೊಳವೆಗಳಲ್ಲಿ ಹೊಗೆಯನ್ನು ತುಂಬಿ ನೋಡುತ್ತಾರೆ. ಪೆಪ್ಪರ್‌ಮಿಂಟ್ ತೈಲವನ್ನು ಬಿಸಿನೀರಿನೊಡನೆ ಛಾವಣಿಯ ಕೊಳವೆಗೆ ಸುರಿದು, ಮನೆಯೊಳಗೆ ಆ ಪರಿಮಳವು ಎಲ್ಲಿ ಹೊಮ್ಮುವುದೆಂದು ಮೂಸಿ ನೋಡುವ ಹಳೆಯ ಪದ್ಧತಿಯೂ ಉಂಟು. ತೈಲವನ್ನು ಸುರಿದವನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಮನೆಯೊಳಗೆ ಬರಕೂಡದು. ಅವನ ಕೈಯ ಪರಿಮಳವೇ ಪರೀಕ್ಷೆಯನ್ನು ಕೆಡಿಸೀತು!

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಶ್ರಮವೇಕೆಂದು ಕೇಳುವವರಿಗೆ ಹಾಂಗ್‌ಕಾಂಗ್ ನಗರದ ಒಂದು ಘಟನೆಯೇ ಉತ್ತರ. 2003ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿಯ ಅಮೊಯ್ ಗಾರ್ಡನ್ಸ್ ಎಂಬ ವಸತಿಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗವು ತಗಲಿತು. ಬಚ್ಚಲುಮನೆಗಳ ನೆಲದ ಟ್ರ್ಯಾಪುಗಳು ಒಣಗಿದ್ದು, ಗಾಳಿಯನ್ನು ಹೊರಹಾಕುವ ಪಂಖಗಳು ಚರಂಡಿಯ ತುಂತುರನ್ನು ಒಳಕ್ಕೆ ಸೆಳೆದುದು ರೋಗಪ್ರಸಾರದ ಒಂದು ಮುಖ್ಯ ಮಾರ್ಗವಾಗಿರಬಹುದೆಂದು ಸರ್ಕಾರದ ತನಿಖೆಯು ಅಭಿಪ್ರಾಯಪಟ್ಟಿತು. ಅಲ್ಲಿಯ ನಿವಾಸಿಗಳು ನೆಲಕ್ಕೆ ನೀರು ಸುರಿಯದೆ ಬಟ್ಟೆಯಿಂದ ಒರೆಸುತ್ತಿದ್ದುದೇ ಟ್ರ್ಯಾಪುಗಳು ಒಣಗಲು ಕಾರಣವಾಗಿತ್ತು.

ಕರ್ನಾಟಕದಲ್ಲಿಯೂ ಬೇಸಿಗೆಯ ರಜೆಯಲ್ಲಿ ಬೀಗ ಹಾಕಿದ ವಿದ್ಯಾರ್ಥಿನಿಲಯವನ್ನು ತೆರೆದಾಗ ಮೂಗಿಗೆ ಬಡಿಯುವ ನಾತಕ್ಕೆ ಅನೇಕ ವೇಳೆ ಕಾರಣವು ಇದೇ. ಪ್ರತಿಯೊಂದು ಬಚ್ಚಲಿಗೂ ಒಂದೊಂದು ಬಕೆಟ್ ನೀರು ಹಾಕಿದರೆ ಮುಕ್ಕಾಲು ಕಾರ್ಯವು ಮುಗಿದಂತೆಯೇ. ಬೀಗ ಹಾಕುವ ಮುನ್ನ ನೀರಿನ ಮೇಲೆ ಸ್ವಲ್ಪ ಅಡುಗೆಯ ಎಣ್ಣೆಯನ್ನು ಬಿಟ್ಟರೆ ಅದು ಬೇಗನೆ ಆರದು.

ಆದರೆ ಶೋಧನೆಯು ಮ್ಯಾನ್‌ಹೋಲಿನ ಅಥವಾ ಸೆಪ್ಟಿಕ್ ಟ್ಯಾಂಕಿನ ಮುಚ್ಚಳದವರೆಗೆ ಬಂದಾಗ ಅಲ್ಲಿಯೇ ನಿಲ್ಲತಕ್ಕದ್ದು. ಹೈಡ್ರೋಜನ್ ಸಲ್ಫೈಡಿನ ಪ್ರಮಾಣವು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗವನ್ನು ಮುಟ್ಟಿದರೆ ಮೂಗು ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆಯು ನಿಂತಿತೆಂದು ಇಳಿದವನು ಮರಳಿ ಬಾರದೆ ಹೋಗಬಹುದು. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಇಂತಹ ಗುಂಡಿಗೆ ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸಾವಿಗೆ 10 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಾವ ಮೊತ್ತವೂ ಹೋದ ಜೀವವನ್ನು ತಂದುಕೊಡಲಾರದು. ಸಂಸ್ಥೆಯ ಕಟ್ಟಡವು ಎಷ್ಟೇ ಭವ್ಯವಾಗಿರಲಿ, ಅದರ ಗುಂಡಿಗೆ ಯಂತ್ರವಿಳಿಯುವುದೋ ಮನುಷ್ಯನಿಳಿಯುವನೋ ಎಂಬುದನ್ನು ವಿಚಾರಿಸುವುದು ಅದನ್ನು ಕಟ್ಟಿಸಿದವರ ಹಾಗೂ ನಡೆಸುವವರ ಹೊಣೆ.

ದುರ್ಗಂಧವು ಅಪ್ರಿಯವಾದರೂ ಹಿತವನ್ನು ನುಡಿಯುವ ದೂತ. ಅದರ ಬಾಯನ್ನು ಪರಿಮಳದಿಂದ ಮುಚ್ಚದೆ, ಅದು ತೋರಿದ ದಾರಿಯಲ್ಲಿ ನಡೆದು ದೋಷವನ್ನು ಸರಿಪಡಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ, ಅದು ವಿಜ್ಞಾನದ ಪಾಠವೂ ಹೌದು, ಬದುಕಿನ ಪಾಠವೂ ಹೌದು.