ಪಿಕಪ್ ಇಲ್ಲದ ಯಂತ್ರ: ಮೊದಲು ಸೈಲೆನ್ಸರ್, ಆಮೇಲೆ ಕಾರ್ಬ್ಯುರೇಟರ್



ಮಳೆ ಹಿಡಿದ ಮೇಲೆ ಸಂಘದ ಕಚೇರಿಯಲ್ಲಿ ನಾವು ದಿನವೂ ಕೇಳುವ ದೂರು ಒಂದೇ: "ಮೆಷಿನ್ ಸ್ಟಾರ್ಟ್ ಆಗುತ್ತದೆ, ಆದರೆ ಪಿಕಪ್ ಇಲ್ಲ." ತೋಟದ ಕಳೆ ಕತ್ತರಿಸುವ ಯಂತ್ರ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಮರ ಕೊಯ್ಯುವ ಚೈನ್ ಸಾ ಇವುಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್‌ಗಳು. ಶಕ್ತಿ ಕುಂದಿದ ಕೂಡಲೇ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವುದು ಎಲ್ಲರ ಅಭ್ಯಾಸ. ಈ ಅಭ್ಯಾಸಕ್ಕೆ ನಾವೂ ಒಮ್ಮೆ ದಂಡ ತೆತ್ತಿದ್ದೇವೆ.

ಒಂದು ಜುಲೈ ತಿಂಗಳಲ್ಲಿ ನಮ್ಮ ಕಳೆ ಯಂತ್ರ ಹೀಗೆಯೇ ಸೋತಿತು. ಸ್ಕ್ರೂವನ್ನು ತುಸು ಒಳಕ್ಕೆ ತಿರುಗಿಸಿದೆವು. ಸದ್ದು ಚುರುಕಾಯಿತು, ನಮಗೂ ಹಿಗ್ಗಾಯಿತು. ಮೂರನೆಯ ದಿನ ಕೆಲಸದ ನಡುವೆಯೇ ಎಂಜಿನ್ ಸೀಜ್ ಆಯಿತು. ಬಿಚ್ಚಿಸಿ ನೋಡಿದರೆ, ಪಿಸ್ಟನ್ನಿನ ಮೈಯಲ್ಲಿ ಸೈಲೆನ್ಸರ್ ಕಡೆಗೆ ಉದ್ದುದ್ದ ಗೀರುಗಳು. ಹೊಗೆ ಹೋಗುವ ದ್ವಾರದಲ್ಲಿ ಅರ್ಧದಷ್ಟು ಕರಿ. ರೋಗ ಸೈಲೆನ್ಸರಿನದು, ಮದ್ದು ಕೊಟ್ಟದ್ದು ಕಾರ್ಬ್ಯುರೇಟರಿಗೆ! ಹೊಸ ಪಿಸ್ಟನ್ ಬರುವಷ್ಟರಲ್ಲಿ ಕಳೆ ಮೊಣಕಾಲು ದಾಟಿತ್ತು.

ಹೀಗೇಕೆ ಆಗುತ್ತದೆ?

ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಬೇರಿಂಗಿಗೂ ಪಿಸ್ಟನ್ನಿಗೂ ಜಾರಿಕೆ ಕೊಡಬೇಕು. ಸ್ಕ್ರೂ ಒಳಕ್ಕೆ ಹೋದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಅದರೊಂದಿಗೆ ಎಣ್ಣೆಯೂ ಕಡಿಮೆ, ತಂಪೂ ಕಡಿಮೆ. ಆಗ ಕೇಳುವ ಚುರುಕು ಸದ್ದು ಆರೋಗ್ಯದ್ದಲ್ಲ, ಜ್ವರದ್ದು.

ಸೈಲೆನ್ಸರಿನ ಕೆಲಸವೂ ಸದ್ದಡಗಿಸುವುದಷ್ಟೇ ಅಲ್ಲ. ಸುಟ್ಟ ಹೊಗೆ ಹೊರಹೋಗುವಾಗಲೇ ಹೊಸ ಮಿಶ್ರಣ ಒಳಬರುತ್ತದೆ. ಎರಡೂ ದ್ವಾರಗಳು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಕರಿ ಕಟ್ಟಿದರೆ ಹೊಗೆ ಒಳಗೇ ಉಳಿದು ಹೊಸ ಮಿಶ್ರಣಕ್ಕೆ ಜಾಗವಿಲ್ಲ. ಸೈಲೆನ್ಸರ್ ತೆಗೆದರೆ ಅಥವಾ ತೂತು ಕೊರೆದರೆ ಎಂಜಿನ್ನಿನ ಹೊಂದಾಣಿಕೆಯೇ ತಪ್ಪಿ, ಬಿಸಿ ಏರಿ ಪಿಸ್ಟನ್ನಿಗೆ ಅಪಾಯ.

"ಟರ್ಬೋ ಕೂಡಿಸಿದರೆ ಶಕ್ತಿ ಬರುವುದಿಲ್ಲವೇ?" ಎಂದು ಕೆಲವು ಯುವ ಸದಸ್ಯರು ಕೇಳುವುದುಂಟು. ಸಕಲೇಶಪುರದ ಘಾಟಿಯಲ್ಲಿ ರೈಲು ಎಳೆದ ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್‌ಗಳು ಟರ್ಬೋ ಇರುವ ಎರಡು ಸ್ಟ್ರೋಕಿನವೇ. ಆದರೆ ಅಲ್ಲಿ ಟರ್ಬೋ ನೂಕುವುದು ಬರಿಯ ಗಾಳಿಯನ್ನು. ಡೀಸೆಲನ್ನು ಆಮೇಲೆ ಚಿಮ್ಮಿಸುತ್ತಾರೆ. ನಮ್ಮ ಯಂತ್ರದಲ್ಲಿ ನೂಕಿದರೆ ಪೆಟ್ರೋಲ್ ಬೆರೆತ ಗಾಳಿಯೇ ಸೈಲೆನ್ಸರಿನಿಂದ ಹೊರಗೆ ಹೋದೀತು. ಆ ಆಸೆ ಬೇಡ.

ಅನುಸರಿಸಬೇಕಾದ ಕ್ರಮ

1. ಗಾಳಿ ಫಿಲ್ಟರ್ ತೊಳೆದು ಒಣಗಿಸಿ. ಹಳೆಯ ಪೆಟ್ರೋಲ್ ಚೆಲ್ಲದೆ ಬೇರೆ ತೆಗೆದಿಟ್ಟು ಹೊಸದನ್ನು ಹಾಕಿ. ಎಣ್ಣೆಯ ಪ್ರಮಾಣ ತಯಾರಕರ ಪುಸ್ತಕದಲ್ಲಿರುವಂತೆಯೇ ಇರಲಿ. 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ., 1:25 ಎಂದಿದ್ದರೆ 40 ಮಿ.ಲೀ. ಅಳೆದು ಹಾಕಿ, ಕಣ್ಣಂದಾಜು ಬೇಡ.

2. ಎಂಜಿನ್ ಪೂರ್ತಿ ಆರಿದ ಮೇಲೆ, ಪ್ಲಗ್ಗಿನ ತಂತಿ ಕಳಚಿ, ಸೈಲೆನ್ಸರ್ ಬಿಚ್ಚಿ. ಪಿಸ್ಟನ್ ಮೇಲಕ್ಕೆ ಬಂದು ದ್ವಾರವನ್ನು ಮುಚ್ಚುವಂತೆ ಹಗ್ಗವನ್ನು ಮೆಲ್ಲನೆ ಎಳೆದು ನಿಲ್ಲಿಸಿ. ಅಡಿಕೆ ದಬ್ಬೆಯ ಅಥವಾ ಬಿದಿರಿನ ಚಕ್ಕೆಯಿಂದ ಕರಿ ಕೆರೆಯಿರಿ. ಕಬ್ಬಿಣದ ಉಳಿ ಕೂಡದು. ಕಿಡಿ ತಡೆಯುವ ಜಾಲರಿ ಇದ್ದರೆ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿರಿ. ಬೇಸಗೆಯಲ್ಲಿ ತರಗೆಲೆಗೆ ಬೆಂಕಿ ತಗಲದಂತೆ ಕಾಯುವುದು ಅದೇ.

3. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಸ್ಕ್ರೂ ಮುಟ್ಟಿ. ಈಗಿರುವ ಸ್ಥಾನವನ್ನು ಮೊದಲು ಬರೆದಿಟ್ಟುಕೊಳ್ಳಿ. ಎಂಜಿನ್ ಬಿಸಿಯಾಗಿರಲಿ. 'ಎಲ್' ಸ್ಕ್ರೂ ನಿಧಾನ ಓಟಕ್ಕೆ, 'ಎಚ್' ಪೂರ್ಣ ವೇಗಕ್ಕೆ. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ಹೆಚ್ಚು. 'ಎಲ್' ಸ್ಕ್ರೂವನ್ನು ನಯವಾಗಿ ಓಡುವಲ್ಲಿಗೆ ತಂದು, ಅಲ್ಲಿಂದ ತುಸು ಎಡಕ್ಕೆ ಬಿಡಿ. ಐಡಲ್ ಸ್ಕ್ರೂ ಹೇಗಿರಬೇಕೆಂದರೆ, ಆಕ್ಸಿಲರೇಟರ್ ಬಿಟ್ಟಾಗ ಬ್ಲೇಡ್ ತಿರುಗಕೂಡದು.

4. 'ಎಚ್' ಸ್ಕ್ರೂವನ್ನು ಅತಿ ಹೆಚ್ಚು ವೇಗ ಬರುವಲ್ಲಿ ಬಿಡಬೇಡಿ. ಭಾರವಿಲ್ಲದಾಗ ಸದ್ದು ಸ್ವಲ್ಪ ಗೊರಗುಟ್ಟಬೇಕು. ಹುಲ್ಲಿಗೆ ತಾಗಿಸಿದಾಗ ತಿಳಿಯಾಗಬೇಕು. ಬರಿದೇ ಪೂರ್ಣ ವೇಗದಲ್ಲಿ ಕೆಲವು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ. ಕೆಲವು ಯಂತ್ರಗಳಲ್ಲಿ ಸ್ಕ್ರೂ ಹೆಚ್ಚು ತಿರುಗದಂತೆ ಮುಚ್ಚಳವಿರುತ್ತದೆ; ಅದನ್ನು ಕೀಳದೆ ಮೆಕ್ಯಾನಿಕ್ಕನಿಗೆ ಒಪ್ಪಿಸಿ.

5. ಅರ್ಧ ಗಂಟೆ ಕೆಲಸವಾದ ಮೇಲೆ ನಿಲ್ಲಿಸಿ, ಆರಿಸಿ, ಪ್ಲಗ್ ನೋಡಿ. ಕಾಫಿಪುಡಿಯ ಕಂದು ಬಣ್ಣವಿದ್ದರೆ ಸರಿ. ಬಿಳುಪಾಗಿದ್ದರೆ ಪೆಟ್ರೋಲ್ ಸಾಲದು, ಕೂಡಲೇ ಸ್ಕ್ರೂ ಎಡಕ್ಕೆ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚು.

ಪೆಟ್ರೋಲ್ ತುಸು ಹೆಚ್ಚಾದರೆ ಹೊಗೆ ಬಂದೀತು, ಪ್ಲಗ್ ಕರಿಯಾದೀತು, ಒರೆಸಿದರೆ ಮುಗಿಯಿತು. ಕಡಿಮೆಯಾದರೆ ಪಿಸ್ಟನ್ನೇ ಹೋಗುತ್ತದೆ. ಸಂಶಯ ಬಂದಾಗ ಎಡಕ್ಕೆ ಎಂಬುದನ್ನು ಯಂತ್ರ ನಡೆಸುವ ಆಳಿಗೂ ಹೇಳಿಕೊಡಿ. ಈ ಮಳೆಗಾಲಕ್ಕೆ ಮೊದಲು ಒಂದು ಬೆಳಗ್ಗೆಯನ್ನು ಸೈಲೆನ್ಸರಿಗೆ ಮೀಸಲಿಟ್ಟರೆ, ಜುಲೈಯಲ್ಲಿ ಕಳೆಯ ನಡುವೆ ಕೈಕಟ್ಟಿ ನಿಲ್ಲುವ ಪಾಡು ತಪ್ಪೀತು.