ಗಣಕಯಂತ್ರಕ್ಕೆ ವಿದ್ಯುತ್ತಿನ ಲೆಕ್ಕ

ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದುದು 1904ರಲ್ಲಿ. ಮಗ್ಗದ ಮೋಟಾರು ಓಡುವಾಗಿಗಿಂತ ಹೊರಡುವ ಗಳಿಗೆಯಲ್ಲಿ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆಂಬುದನ್ನು ಅಲ್ಲಿಯ ನೇಕಾರರು ಬಲ್ಲರು. ಎರಡು ಗ್ರಾಫಿಕ್ಸ್ ಕಾರ್ಡುಗಳುಳ್ಳ ಗಣಕಯಂತ್ರಕ್ಕೂ ಎಚ್ಚರಿಕೆ ಇಂಥದೇ.

ಕಾರ್ಡೊಂದಕ್ಕೆ 350 ವ್ಯಾಟಿನಂತೆ ಎರಡಕ್ಕೆ 700, ಪ್ರೊಸೆಸರಿಗೆ 150, ಉಳಿದುದಕ್ಕೆ 100, ಒಟ್ಟು 950 ವ್ಯಾಟ್. ಕಾರ್ಡುಗಳು ಕ್ಷಣಮಾತ್ರ ಈ ಮಿತಿಯನ್ನು ಮೀರುವುದುಂಟು. ಆದ್ದರಿಂದ ಕಾಲುಭಾಗ ಕೂಡಿಸಿ 1200 ವ್ಯಾಟಿನ ಪವರ್ ಸಪ್ಲೈ ಆರಿಸಬೇಕು.

ಮದರ್‌ಬೋರ್ಡಿನ ಸ್ಲಾಟು 75, ಎಂಟು ಪಿನ್ನಿನ ಜೋಡಣೆಯೊಂದು 150 ವ್ಯಾಟ್ ಕೊಡುವಂತೆ ನಿಗದಿಯಾಗಿದೆ. ಆದುದರಿಂದ ಇಂಥ ಪ್ರತಿ ಕಾರ್ಡಿಗೂ ಎರಡು ಪ್ರತ್ಯೇಕ ಕೇಬಲ್‌ಗಳಿರಲಿ. ಅಗ್ಗದ ಕಳಪೆ ಪವರ್ ಸಪ್ಲೈ ಕೆಟ್ಟರೆ ದುಬಾರಿ ಕಾರ್ಡೂ ಸುಡಬಹುದು.

ವಿದ್ಯಾರ್ಥಿಗಳೇ, ಇಲ್ಲಿ ಬೇಕಾದುದು ನಾಲ್ಕನೆಯ ಇಯತ್ತೆಯ ಸಂಕಲನ, ಗುಣಾಕಾರ. ಅವನ್ನು ಕನ್ನಡದಲ್ಲಿ ಕಲಿತವರು ಹೊಸ ಯಂತ್ರಕ್ಕೆ ಅಂಜಬೇಕಿಲ್ಲ.