ಮೊಣಕಾಲಿಗೆ ಎರಡು ಕೆಲಸ

ಕಡೂರು, ತರೀಕೆರೆ, ಅಜ್ಜಂಪುರದ ಸಭೆಗಳ ಯುವಜನರಿಗೆ ಹಳೆಯ ಪಿ.ಟಿ. ಮೇಷ್ಟ್ರೊಬ್ಬರ ಕಿವಿಮಾತು

ಮಕ್ಕಳೇ,

ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ವಿಷಲ್ ಊದಿದವನು ನಾನು. ಅದಕ್ಕಿಂತ ಹೆಚ್ಚು ವರ್ಷ ಸಭೆಯ ಹಿಂದಿನ ಬೆಂಚಿನಲ್ಲಿ ಕೂತವನು. ಕೆಲವು ವಾರಗಳ ಹಿಂದೆ ಒಂದು ಬೆಳಿಗ್ಗೆ ಐದೂವರೆಗೆ ಕಡೂರಿನ ರಸ್ತೆಯಲ್ಲಿ ನಮ್ಮ ಸಭೆಯ ಹುಡುಗನೊಬ್ಬ ಓಡುತ್ತಿದ್ದ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ ತಯಾರಿ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಅವನದು 7 ನಿಮಿಷಕ್ಕೆ ನಿಂತಿತ್ತು. "ಅರ್ಧ ನಿಮಿಷ ಇಳಿಸೋಕೆ ಮೂರು ತಿಂಗಳಾದ್ರೂ ಬೇಕು ಸಾರ್" ಅಂದ. ಸರಿಯಾದ ಲೆಕ್ಕ. ಅದೇ ಹುಡುಗ ಭಾನುವಾರ ಪಕ್ಕದಲ್ಲಿ ಕೂತು, "ಪ್ರಾರ್ಥನೆಗೆ ಕೂತ್ರೆ ಮನಸ್ಸು ನಿಲ್ಲಲ್ಲ ಸಾರ್, ಮೂರು ದಿನ ನೋಡಿದೆ, ಭಕ್ತಿ ನನಗೆ ಒಗ್ಗಲ್ಲ ಅನ್ಸುತ್ತೆ" ಅಂದ. ಕಾಲಿಗೆ ಮೂರು ತಿಂಗಳು, ಆತ್ಮಕ್ಕೆ ಮೂರು ದಿನ!

ಅವನಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಉಪಮೆ ನನ್ನದಲ್ಲ, ಪೌಲನದು. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನ ತಲೆಗೆ ಸೊಪ್ಪಿನ ಕಿರೀಟ, ನಾಲ್ಕು ದಿನಕ್ಕೆ ಬಾಡುವಂಥದ್ದು. ಅದಕ್ಕಾಗಿ ಅವರು ಅಷ್ಟು ಬೆವರು ಹರಿಸುವಾಗ ನಾವು ಎಷ್ಟು ಹರಿಸಬೇಕು ಎಂದು ಆ ಊರಿನವರನ್ನೇ ಅವನು ಕೇಳಿದ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಭಕ್ತಿಯ ಅಭ್ಯಾಸಕ್ಕೆ ಅವನು ಬಳಸಿದ ಗ್ರೀಕ್ ಮಾತು ಗರಡಿಯದು. ಇವತ್ತಿನ 'ಜಿಮ್' ಹುಟ್ಟಿದ್ದೂ ಅದೇ ಬೇರಿನಿಂದ. ಕನ್ನಡದಲ್ಲಿ ಎರಡಕ್ಕೂ ಒಪ್ಪುವ ಮಾತು ಒಂದಿದೆ: ಸಾಧನೆ.

• ಮೊದಲು ಇವತ್ತಿನ ಅಳತೆ ತೆಗೆದುಕೊಳ್ಳಿ. ಹೊಸ ಹುಡುಗರು ಬಂದ ದಿನ ನಾನು ಏನನ್ನೂ ಕಲಿಸುತ್ತಿರಲಿಲ್ಲ. ಓಡಿಸಿ, ಟೈಮ್ ಬರೆದುಕೊಂಡು ಕಳಿಸುತ್ತಿದ್ದೆ. ನೀವೂ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಕಳೆದ ವಾರ ಎಷ್ಟು ನಿಮಿಷ ಪ್ರಾರ್ಥಿಸಿದೆ, ಏನು ಓದಿದೆ, ಯಾರ ಜೊತೆ ಮಾತು ಬಿಟ್ಟಿದ್ದೇನೆ. ನಾಲ್ಕು ನಿಮಿಷ ಅಂದರೆ ನಾಲ್ಕೇ ಬರೆಯಿರಿ. ಟೈಮ್ ಸುಳ್ಳು ಬರೆದುಕೊಂಡವನು ಆಯ್ಕೆಯ ದಿನ ಸಿಕ್ಕಿಬೀಳುತ್ತಾನೆ.

• ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ಮಾಡಬೇಡಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ನಲವತ್ತರ ಹತ್ತಿರ, ಮೂರು ದಿನದ ಉಜ್ಜೀವನ ಕೂಟ ಮುಗಿಸಿ ಬಂದ ಹುಮ್ಮಸ್ಸಿನಲ್ಲಿ, ನಾಳೆಯಿಂದ ಬೆಳಗಿನ ಜಾವ ಮೂರಕ್ಕೆ ಎದ್ದು ಎರಡು ಗಂಟೆ ಪ್ರಾರ್ಥಿಸುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟೆ. ಆರನೇ ದಿನ ಮಂಡಿಯೂರಿದ ಕಡೆಯೇ ನಿದ್ದೆ ಹೋದೆ. ಅವತ್ತು ಮೈದಾನದಲ್ಲಿ ಮಕ್ಕಳ ಮೇಲೆಲ್ಲ ರೇಗಿದೆ. ಆಮೇಲೆ ಎರಡು ತಿಂಗಳು ನಾಚಿಕೆಯಿಂದ ಪ್ರಾರ್ಥನೆಯನ್ನೇ ಬಿಟ್ಟೆ. ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಎರಡು ನಿಮಿಷ ಸೇರಿಸಿ. ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ಹಾದು ಕೆಮ್ಮಣ್ಣುಗುಂಡಿಗೆ ಹತ್ತಿದ್ದೀರಲ್ಲ? ಸಾವಿರದ ನಾನೂರು ಮೀಟರ್ ಎತ್ತರಕ್ಕೆ ನೆಟ್ಟಗೆ ರಸ್ತೆ ಹಾಕಲಾಗದು ಅಂತಲೇ ಅಷ್ಟು ತಿರುವು.

• ಹೊತ್ತು, ಜಾಗ ಎರಡನ್ನೂ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಓಡುವವನು ರಾತ್ರಿಯೇ ಶೂ ತಂದು ಬಾಗಿಲ ಹತ್ತಿರ ಇಟ್ಟಿರುತ್ತಾನೆ. ಸತ್ಯವೇದವನ್ನು ದಿಂಬಿನ ಪಕ್ಕ ಇಡಿ, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಬೀರೂರು ಜಂಕ್ಷನ್‌ನಲ್ಲಿ ರೈಲು ನಿಮ್ಮ ಮನಸ್ಸು ಬರಲಿ ಎಂದು ಕಾಯುತ್ತದೆಯೇ? ಹಾಗೆಯೇ ಮನಸ್ಸಾದಾಗ ಪ್ರಾರ್ಥಿಸೋಣ ಎಂದು ಕೂರಬೇಡಿ. ಹೊತ್ತಿಗೆ ಸರಿಯಾಗಿ ಕೂತರೆ ಮನಸ್ಸು ಹಿಂದಿನಿಂದ ಓಡಿಬಂದು ಹತ್ತಿಕೊಳ್ಳುತ್ತದೆ.

• ಓದಿಗೆ ಲೆಕ್ಕ ಇರಲಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದೇ ಅಧ್ಯಾಯ ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ಮೇಲೆ ವಾರಕ್ಕೆ ಎರಡು ದಿನ ಬಿಡುವು. ಇಡೀ ಸತ್ಯವೇದಕ್ಕೆ 1189 ಅಧ್ಯಾಯ, ದಿನಕ್ಕೆ ನಾಲ್ಕರಂತೆ ಓದಿದರೆ ಹತ್ತು ತಿಂಗಳ ಕೆಲಸ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಿಂಗಳ ತಾರೀಕು ನೋಡಿ ಓದಿಕೊಳ್ಳಬಹುದು. ಇಡೀ ಸತ್ಯವೇದ ಕನ್ನಡದಲ್ಲಿ 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಮನೆಗೊಂದು ಪುಸ್ತಕ ಇದ್ದರೆ ಅದೇ ದೊಡ್ಡದು ಎನ್ನುವ ಕಾಲದಿಂದ ಜೇಬಿಗೊಂದು ಎನ್ನುವ ಕಾಲಕ್ಕೆ ಬಂದಿದ್ದೇವೆ, ಹಸಿವು ಮಾತ್ರ ಕಡಿಮೆಯಾಗಿದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುವುದು ನಮ್ಮ ಸೀಮೆಯ ಮಾತು. ವಾಟ್ಸಾಪ್ ಸ್ಟೇಟಸ್ಸಿನ ವಾಕ್ಯ ಉಪ್ಪಿನಕಾಯಿ ಇದ್ದ ಹಾಗೆ, ನೆಂಚಿಕೊಳ್ಳಬಹುದು. ಮುದ್ದೆ ಬೇರೆಯೇ ತಿನ್ನಬೇಕು.

• ವಾರಕ್ಕೊಂದು ವಾಕ್ಯ ಬಾಯಿಪಾಠ ಮಾಡಿ. ಬಸ್ಕಿ ಹೊಡೆದ ಹಾಗೆ ಇದು: ಒಂದು ಸಲಕ್ಕೆ ಏನೂ ಆಗುವುದಿಲ್ಲ, ನೂರು ಸಲಕ್ಕೆ ತೊಡೆ ಗಟ್ಟಿಯಾಗುತ್ತದೆ. 23ನೇ ಕೀರ್ತನೆಯಲ್ಲಿ ಆರೇ ವಚನ. ಅಲ್ಲಿಂದ ಹಿಡಿದರೆ ಆರು ವಾರಕ್ಕೆ ಒಂದು ಕೀರ್ತನೆ ನಿಮ್ಮದು. ಅಜ್ಜಂಪುರದ ಬಸ್ ಕಾಯುವಾಗ, ತೋಟಕ್ಕೆ ನೀರು ಬಿಟ್ಟು ಕೂತಾಗ ಹೇಳಿಕೊಳ್ಳಿ.

• ಮನಸ್ಸು ಓಡಿಹೋದರೆ ಬೈದುಕೊಳ್ಳಬೇಡಿ, ವಾಪಸ್ ಕರೆದು ಕೂರಿಸಿ. ಹಾಗೆ ವಾಪಸ್ ಕರೆದದ್ದೇ ಒಂದು ಬಸ್ಕಿ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಓಡಿಹೋಯಿತೇ? ಇಪ್ಪತ್ತು ಬಸ್ಕಿ ಆಯಿತು ಎಂದು ಬರೆದುಕೊಳ್ಳಿ.

• ಸೋತ ಅಂಗಕ್ಕೆ ಹೆಚ್ಚು ಕೆಲಸ ಕೊಡಿ. ಜಿಮ್ಮಿಗೆ ಹೋಗುವ ಹುಡುಗರು ತೋಳು ಮಾತ್ರ ಉಬ್ಬಿಸಿಕೊಂಡು ಬರುತ್ತಾರೆ, ಕಾಲು ನೋಡಿದರೆ ಹಂಚಿಕಡ್ಡಿ. ಸಭೆಯಲ್ಲೂ ಹಾಗೆಯೇ. ಹಾಡು ಬರುವವರು ಹಾಡುತ್ತೇವೆ, ಮಾತು ಬರುವವರು ಸಾಕ್ಷಿ ಹೇಳುತ್ತೇವೆ, ಅದನ್ನೇ ಬೆಳವಣಿಗೆ ಅಂದುಕೊಳ್ಳುತ್ತೇವೆ. ಆದರೆ ಅಣ್ಣನ ಜೊತೆ ಬದುವಿನ ಜಗಳ ಹಾಗೇ ಇರುತ್ತದೆ, ಇಸಿದುಕೊಂಡ ಸಾಲ ತೀರಿಸಿರುವುದಿಲ್ಲ, ಇನ್ನೊಬ್ಬರ ಮನೆಯ ಸುದ್ದಿ ನಾಲಿಗೆ ಮೇಲೆ ಕುಣಿಯುತ್ತಿರುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗಿ ಬಾ ಎಂದು ಯೇಸು ಬೆಟ್ಟದ ಮೇಲೆ ಹೇಳಿದ್ದು ಇದಕ್ಕೇ. ಯಾವುದನ್ನು ಓದಿದರೆ 'ಇದು ಬೇರೆಯವರಿಗೆ ಹೇಳಿದ್ದು' ಅನ್ನಿಸುತ್ತದೋ ಅಲ್ಲೇ ನಿಮ್ಮ ಸೋತ ಅಂಗ ಇದೆ. ಈ ತಿಂಗಳು ಅದೊಂದನ್ನೇ ಹಿಡಿಯಿರಿ.

• ಮಟ್ಟಿ ಅಗೆಯುವ ಕೆಲಸ ತಪ್ಪಿಸಿಕೊಳ್ಳಬೇಡಿ. ಗರಡಿಮನೆಯಲ್ಲಿ ಉಸ್ತಾದರು ಹೊಸಬನಿಗೆ ಬಂದ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಮಟ್ಟಿಯ ಮಣ್ಣು ಅಗೆದು ಹದ ಮಾಡಲು ಹಚ್ಚುತ್ತಾರೆ. ತೋಳಿಗೂ ಅದು ವ್ಯಾಯಾಮ, ಅಹಂಕಾರಕ್ಕೂ ವ್ಯಾಯಾಮ. ಆಲಯದ ಕಸ ಗುಡಿಸುವುದು, ಕುರ್ಚಿ ಹಾಕುವುದು, ಸಂಡೇ ಸ್ಕೂಲಿನ ಮಕ್ಕಳನ್ನು ಮನೆ ಮುಟ್ಟಿಸುವುದು ನಮ್ಮ ಮಟ್ಟಿ. ಮೈಕ್ ಹಿಡಿಯುವುದು ಆಮೇಲೆ.

• ಉಪವಾಸವನ್ನು ಪಥ್ಯದ ಹಾಗೆ ಮಾಡಿ, ಪಂದ್ಯದ ಹಾಗಲ್ಲ. ವಾರಕ್ಕೆ ಒಂದು ಊಟ ಬಿಟ್ಟು, ಆ ಹೊತ್ತು ಪ್ರಾರ್ಥನೆಗೆ, ಆ ದುಡ್ಡು ಇಲ್ಲದವರಿಗೆ. ಯಾರಿಗೂ ಹೇಳಬೇಡಿ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡಬೇಡಿ. ಸಂಜೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಫೋನ್ ಬಿಟ್ಟು ನೋಡಿ. ನಿಮ್ಮಲ್ಲಿ ಕೆಲವರಿಗೆ ಅದೇ ಕಷ್ಟದ ಉಪವಾಸ.

• ವಿಶ್ರಾಂತಿಯೂ ಸಾಧನೆಯೇ. ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ಎತ್ತಿ ಇಳಿಸಿ ಮಲಗಿದ ಮೇಲೆ ಬೆಳೆಯುತ್ತದೆ. ಭಾನುವಾರ ಅದಕ್ಕೇ ಇದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಿಕ್ ಲಿಡೆಲ್ ಭಾನುವಾರ ಹೀಟ್ಸ್ ಇದ್ದ 100 ಮೀಟರ್ ಬಿಟ್ಟು 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದದ್ದನ್ನು ಎಲ್ಲ ಅಯ್ಯನವರೂ ಪ್ರಸಂಗದಲ್ಲಿ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಅವನು ಚೀನಾದಲ್ಲಿ ಮಿಷನರಿಯಾಗಿದ್ದಾಗ ಜಪಾನಿನವರು ಅವನನ್ನು ಸೆರೆಶಿಬಿರದಲ್ಲಿಟ್ಟರು. ಅಲ್ಲಿ ಭಾನುವಾರ ಆಟಕ್ಕಿಳಿದ ಮಕ್ಕಳು ತೀರ್ಪು ಹೇಳುವವರಿಲ್ಲದೆ ಕಚ್ಚಾಡಿದಾಗ, ಅದೇ ಲಿಡೆಲ್ ಭಾನುವಾರವೇ ಮೈದಾನಕ್ಕಿಳಿದು ಅಂಪೈರ್ ಆದ. 1945ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡ. ತನ್ನ ಪದಕಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದ. ಶಿಸ್ತು ಯಾರ ಆಳು ಎಂಬುದು ಅವನಿಗೆ ಗೊತ್ತಿತ್ತು.

• ಒಬ್ಬರೇ ಎತ್ತಬೇಡಿ. ಎಪಿಎಂಸಿಯಲ್ಲಿ ಈರುಳ್ಳಿ ಚೀಲ ಹೊರುವ ಹಮಾಲಿಗಳನ್ನು ನೋಡಿ. ಹೊರುವವನು ಒಬ್ಬನೇ ಆದರೂ ಅವನ ಬೆನ್ನಿಗೆ ಚೀಲ ಏರಿಸಲು ಇನ್ನಿಬ್ಬರು ಇರುತ್ತಾರೆ. ನಿಮಗೂ ಒಬ್ಬ ಜೊತೆಗಾರ ಇರಲಿ. ಹೆಣ್ಣುಮಕ್ಕಳಿಗೆ ಸಭೆಯ ಒಬ್ಬ ಹಿರಿಯಕ್ಕ ಇರಲಿ. ವಾರಕ್ಕೊಮ್ಮೆ ಕೂತು ಮೂರೇ ಪ್ರಶ್ನೆ ಕೇಳಿಕೊಳ್ಳಿ: ಏನು ಓದಿದೆ? ಎಲ್ಲಿ ಬಿದ್ದೆ? ಯಾರಿಗೆ ನೆರವಾದೆ? ಸುತ್ತ ನಮ್ಮವರ ಮನೆ ಒಂದೋ ಎರಡೋ ಇರುವ ಹಳ್ಳಿಯಲ್ಲಿದ್ದರೆ ಫೋನಿನಲ್ಲಾದರೂ ಸರಿ.

• ತಪ್ಪಿದ ದಿನವನ್ನು ಬಿಟ್ಟುಬಿಡಿ, ಮರುದಿನ ಮಾತ್ರ ತಪ್ಪಿಸಬೇಡಿ. ನಿನ್ನೆಯ ಓಟವನ್ನೂ ಸೇರಿಸಿ ಇವತ್ತು ಓಡಿದವನ ಮೀನಖಂಡ ಹಿಡಿದುಕೊಳ್ಳುತ್ತದೆ. ಪಾಪದ ವಿಷಯ ಬೇರೆ, ಅದು ಉಳುಕು. ಉಳುಕಿದ ಕಾಲನ್ನು ಮುಚ್ಚಿಟ್ಟು ಓಡಬೇಡಿ. ದೇವರ ಮುಂದೆ ಒಪ್ಪಿಕೊಳ್ಳಿ, ನೊಂದವರ ಹತ್ತಿರ ಹೋಗಿ ತಪ್ಪಾಯಿತು ಅನ್ನಿ.

• ಮೈಯನ್ನೂ ಮರೆಯಬೇಡಿ. ದೇಹ ಪವಿತ್ರಾತ್ಮನ ಆಲಯ ಎಂದು ಬಾಯಲ್ಲಿ ಹೇಳಿ, ಎರಡು ಫರ್ಲಾಂಗು ದೂರದ ಆರಾಧನೆಗೆ ಬೈಕ್ ಹತ್ತಿ ಬರುತ್ತೇವೆ. ವಯಸ್ಕರಿಗೆ ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ನಡೆಯುತ್ತ ದಾರಿಯ ಒಂದೊಂದು ಮನೆಗೂ ಪ್ರಾರ್ಥಿಸಿ. ಬಿಪಿ ಮಾತ್ರೆಯನ್ನು ಮಾತ್ರ ವಿಶ್ವಾಸದ ಹೆಸರಲ್ಲಿ ಬಿಡಬೇಡಿ.

• ಕನ್ನಡಿಗಾಗಿ ಮೈ ಬೆಳೆಸಬೇಡಿ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ತಮ್ಮ ಮೈಕಟ್ಟಿಗೆ ಹೆಸರಾದವರು. ಅವರೇ 'ರೂಪದರ್ಶಿ' ಕಾದಂಬರಿ ಬರೆದರು. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ಕೂತ ಮಗುವೇ ದೊಡ್ಡವನಾಗಿ, ಕೆಟ್ಟು, ಯೂದನ ಚಿತ್ರಕ್ಕೂ ಮಾದರಿಯಾಗುವ ಕಥೆ. ರೂಪ ತಿದ್ದುವುದನ್ನೇ ಕಸುಬು ಮಾಡಿಕೊಂಡವರು ರೂಪ ಒಳಗಿನಿಂದ ಹೇಗೆ ಕೆಡುತ್ತದೆ ಎಂದು ಬರೆದದ್ದು ನನಗೆ ಇವತ್ತಿಗೂ ಸೋಜಿಗ. ಭಕ್ತಿಗೂ ಒಂದು ಕನ್ನಡಿ ಇದೆ: ನಾಲ್ಕು ಜನರ ಮೆಚ್ಚುಗೆ. ಅದರ ಬದಲು ಅಜ್ಜಂಪುರದ ಅಮೃತ್ ಮಹಲ್ ಹೋರಿಗಳನ್ನು ನೋಡಿ ಬನ್ನಿ. ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ನೋಡಲು ಚೆಂದ ಇವೆ ನಿಜ, ಆದರೆ ಈ ತಳಿ ಹೆಸರು ಮಾಡಿದ್ದು ದಂಡಿನ ಫಿರಂಗಿ ಎಳೆದು. ಕಳೆದ ವಾರ ನೀವು ಯಾರ ಭಾರ ಎಳೆದಿರಿ?

• ಕೊನೆಯದು, ಉಳಿದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಇಷ್ಟೆಲ್ಲ ಮಾಡಿದರೆ ದೇವರು ನನ್ನನ್ನು ಆರಿಸಿಕೊಳ್ಳುತ್ತಾನೆ ಎಂದುಕೊಳ್ಳಬೇಡಿ. ಕಡೂರಿನಲ್ಲಿ ಓಡುವವರು ಎರಡು ಥರ. ರಸ್ತೆಯಲ್ಲಿ ಓಡುವ ನಮ್ಮ ಹುಡುಗ ಆಯ್ಕೆಯಾಗಲಿ ಎಂದು ಓಡುತ್ತಾನೆ, ಎದೆಯಲ್ಲಿ ಭಯ ಇಟ್ಟುಕೊಂಡು. ಇಲ್ಲಿಯದೇ ಪೊಲೀಸ್ ತರಬೇತಿ ಶಾಲೆಯ ಒಳಗೆ ಓಡುವವರು ಆಗಲೇ ಆಯ್ಕೆಯಾದವರು. ಅವರೂ ಬೆವರುತ್ತಾರೆ, ಬಹುಶಃ ಹೆಚ್ಚೇ ಬೆವರುತ್ತಾರೆ, ಆದರೆ ಸಿಕ್ಕ ಕೆಲಸಕ್ಕೆ ತಕ್ಕವರಾಗಲು. ಕ್ರಿಸ್ತನಲ್ಲಿ ನಾವು ಗೇಟಿನ ಒಳಗಿನವರು. ಆರಿಸಿದ್ದು ಕೃಪೆ, ಸಾಧನೆ ಆಮೇಲಿನದು. ತರೀಕೆರೆ ಕಡೆಯ ಅಡಿಕೆ ತೋಟದವರನ್ನು ಕೇಳಿ: ಗುಂಡಿ ತೋಡುವುದು, ನೀರು ಕಟ್ಟುವುದು ಅವರ ಕೆಲಸ. ಮರ ಗೊನೆ ಬಿಡುವಂತೆ ಮಾಡುವುದು ಅವರ ಕೈಯಲ್ಲಿಲ್ಲ. ನೆಟ್ಟವನು ಒಬ್ಬ, ನೀರು ಹೊಯ್ದವನು ಇನ್ನೊಬ್ಬ, ಬೆಳೆಸಿದವನು ದೇವರು ಎಂದು ಪೌಲನೂ ಇದನ್ನೇ ಹೇಳಿದ.

ನಾಳೆಯಿಂದಲೇ ಹಿಡಿಯುವವರಿಗೆ ಮೊದಲ ವಾರದ ಪಟ್ಟಿ:

• ಸೋಮವಾರದಿಂದ ಶುಕ್ರವಾರ: ಹತ್ತು ನಿಮಿಷ ಪ್ರಾರ್ಥನೆ, ಮಾರ್ಕನ ಸುವಾರ್ತೆಯಿಂದ ದಿನಕ್ಕೆ ಒಂದು ಅಧ್ಯಾಯ, ಅರ್ಧ ಗಂಟೆ ನಡಿಗೆ.
• ಬುಧವಾರ: ಒಂದು ಊಟ ಅಥವಾ ಒಂದು ಸಂಜೆಯ ಫೋನ್ ಉಪವಾಸ.
• ಶನಿವಾರ: ಜೊತೆಗಾರನೊಂದಿಗೆ ಮೂರು ಪ್ರಶ್ನೆ, ವಾರದ ವಾಕ್ಯ ಒಪ್ಪಿಸುವುದು.
• ಭಾನುವಾರ: ಆರಾಧನೆ, ಮಟ್ಟಿ ಅಗೆಯುವ ಒಂದು ಕೆಲಸ, ಮಧ್ಯಾಹ್ನ ನಿದ್ದೆ.

ದೇವರು ಮೊಣಕಾಲಿಗೆ ಎರಡು ಕೆಲಸ ಕೊಟ್ಟಿದ್ದಾನೆ, ಓಡುವುದು ಮತ್ತು ಊರುವುದು. ನನ್ನದು ಈಗ ಎರಡಕ್ಕೂ ಬಾರದು. ಸವೆದಿದೆ ಅಂದರು ಡಾಕ್ಟರು. ಕುರ್ಚಿಯಲ್ಲಿ ಕೂತು ಪ್ರಾರ್ಥಿಸುತ್ತೇನೆ. ಆದರೆ ಮಂಡಿ ನೋವಿಗೆ ನಿದ್ದೆ ಬಾರದ ರಾತ್ರಿ, ಮೈದಾನ ಸುತ್ತುತ್ತ ಬಾಯಿಪಾಠ ಮಾಡಿದ ವಾಕ್ಯಗಳು ಕರೆಯದೆಯೇ ಒಂದೊಂದಾಗಿ ಬಂದು ಮಂಚದ ಪಕ್ಕ ಕೂರುತ್ತವೆ.

ಆ ಹುಡುಗನ ಟೈಮ್ ಈಗ 6 ನಿಮಿಷ 48 ಸೆಕೆಂಡಿಗೆ ಇಳಿದಿದೆ. ಪ್ರಾರ್ಥನೆ ಎಷ್ಟಕ್ಕೆ ಬಂತು ಎಂದು ನಾನು ಕೇಳಲಿಲ್ಲ. ಹೋದ ಭಾನುವಾರ ಎಲ್ಲರೂ ಹೊರಗೆ ಕೈಕುಲುಕುತ್ತ ನಿಂತಿದ್ದಾಗ, ಅವನು ಒಳಗೆ ಒಬ್ಬನೇ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಡುತ್ತಿದ್ದ.